ಕಡೇ ದಿವಸಗಳ ಮೋಸವೂ ಮನುಷ್ಯನ ಆಯ್ಕೆಯೂ ದೇವರ ನ್ಯಾಯತೀರ್ಪೂ

ಕೆಲವು ವರುಷಗಳ ಕೆಳಗೆ ಒಂದು ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ, ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಯ ತಾಯಿಯವರು ನಮ್ಮನ್ನು ಕಾಣಬಂದರು. ಮಗಳ ಹೆಸರನ್ನು ಶಾಲೆಯಿಂದ ತೆಗೆಸಬೇಕೆಂಬದು ಅವರ ಅಪೇಕ್ಷೆ. ಶುಲ್ಕದ ತೊಂದರೆಯೋ ಮದುವೆಯ ಮಾತೋ ಇರಬಹುದೆಂದು ಊಹಿಸಿ ವಿಚಾರಿಸಲಾಗಿ, ಎರಡೂ ಅಲ್ಲವೆಂದು ತಿಳಿಯಿತು. ಅವರು ಪ್ರತಿ ರಾತ್ರಿಯೂ ಮೊಬೈಲ್ ಫೋನಿನಲ್ಲಿ ಕೇಳುತ್ತಿದ್ದ ಒಬ್ಬ ಬೋಧಕನು, ಕರ್ತನ ಬರೋಣವು ಮುಂದಿನ ಈಸ್ಟರ್ ಹಬ್ಬದೊಳಗೆ ಆಗುವದೆಂದು ಲೆಕ್ಕ ಹಾಕಿ ತೋರಿಸಿದ್ದನಂತೆ. “ಟೀಚರಮ್ಮಾ, ಯೇಸು ಸ್ವಾಮಿಯೇ ಬರುವಾಗ ಇವಳಿಗೆ ಪರೀಕ್ಷೆ ಯಾಕೆ? ಉಳಿದಿರುವ ನಾಲ್ಕು ದಿನ ಪ್ರಾರ್ಥನೆಯಲ್ಲಿರಲಿ” ಎಂದರು. ಹುಡುಗಿಯು ತಾಯಿಯ ಹಿಂದೆ ನಿಂತು ನೆಲವನ್ನು ನೋಡುತ್ತಿದ್ದಳು.

ನಾವು ಆ ಹೊತ್ತಿನಲ್ಲಿ ಏನೇನೋ ಹೇಳಿದೆವು. ಪರೀಕ್ಷೆ ಮುಗಿಯುವ ತನಕ ತಡೆಯಿರಿ ಎಂದೆವು, ಹುಡುಗಿ ಜಾಣೆ ಎಂದೆವು. ಆದರೆ ಆ ತಾಯಿಯವರು ಕೇಳಿದ್ದು ವೇದದ ಪ್ರಶ್ನೆ. ನಾವು ಕೊಟ್ಟದ್ದು ಶಾಲೆಯ ಉತ್ತರ. ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂಬ ಕೋರಿಕೆ ಬಂದಾಗ, ಅಂದು ಕೊಡದೆ ಉಳಿದ ಉತ್ತರವನ್ನೇ ಬರೆಯೋಣವೆಂದು ತೋರಿತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಅವರ ಮನೆಯವರಲ್ಲಿಯೂ ಇಂಥ ಮಾತನ್ನು ಕೇಳದವರು ಈಗ ಕಡಿಮೆ. ಕ್ರೈಸ್ತರಲ್ಲದ ಪೋಷಕರೂ ಈ ಪುಟಗಳನ್ನು ಓದುವರಾದ್ದರಿಂದ ಎಲ್ಲವನ್ನೂ ಸ್ವಲ್ಪ ಬಿಡಿಸಿಯೇ ಹೇಳುವೆವು.

ಈ ವಿಷಯದಲ್ಲಿ ಮುಖ್ಯ ಆಧಾರವು ಮತ್ತಾಯನ ಸುವಾರ್ತೆಯ 24 ಮತ್ತು 25ನೆಯ ಅಧ್ಯಾಯಗಳು. ಶಿಷ್ಯರು ಯೆರೂಸಲೇಮಿನ ದೇವಾಲಯದ ಕಟ್ಟಡಗಳನ್ನು ತೋರಿಸಲು, ಕರ್ತನು ಅದರಲ್ಲಿ ಕಲ್ಲಿನ ಮೇಲೆ ಕಲ್ಲು ನಿಲ್ಲದ ಕಾಲ ಬರುವದೆಂದು ತಿಳಿಸಿದನು. (ಕ್ರಿ. ಶ. 70ರಲ್ಲಿ ತೀತನ ರೋಮನ್ ಸೈನ್ಯವು ಆ ದೇವಾಲಯವನ್ನು ಸುಟ್ಟು ಕೆಡವಿತು.) ಅನಂತರ ಎಣ್ಣೇಮರಗಳ ಗುಡ್ಡದ ಮೇಲೆ ಕುಳಿತಿರುವಾಗ ಶಿಷ್ಯರು ಗುಟ್ಟಾಗಿ ಕೇಳಿದ್ದು ಎರಡು ಸಂಗತಿ: ಯಾವಾಗ, ಮತ್ತು ಯಾವ ಗುರುತಿನಿಂದ ತಿಳಿಯಬೇಕು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಕೇಳಿದ್ದು ಕಾಲದ ವಿಷಯ, ಆದರೆ ಕರ್ತನ ಉತ್ತರದ ಮೊದಲನೆಯ ಮಾತು ಕಾಲದ ವಿಷಯವಲ್ಲ. ಮೋಸಹೋಗದಂತೆ ನೋಡಿಕೊಳ್ಳಿರಿ ಎಂಬ ಎಚ್ಚರಿಕೆ. ಯುದ್ಧ, ಬರ, ಭೂಕಂಪಗಳ ಮಾತು ಆಮೇಲೆ ಬರುತ್ತದೆ. ಅವೂ ಪ್ರಸವವೇದನೆಯ ಆರಂಭವೇ ಹೊರತು ಅಂತ್ಯವಲ್ಲವೆಂದು ಅಲ್ಲಿಯೇ ಹೇಳಿದೆ. ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಮೊದಲನೆಯ ನೋವು ಮಗು ಬರುವದೆಂಬದನ್ನು ತಿಳಿಸುತ್ತದೆ, ಗಳಿಗೆಯನ್ನು ತಿಳಿಸುವದಿಲ್ಲ. ಆ ದಿನವನ್ನೂ ಗಳಿಗೆಯನ್ನೂ ತಂದೆಯೊಬ್ಬನ ಹೊರತು ದೇವದೂತರಾಗಲಿ ಮಗನಾಗಲಿ ಅರಿಯರೆಂದು ಮಾರ್ಕನ 13ನೆಯ ಅಧ್ಯಾಯದಲ್ಲಿ ಕರ್ತನೇ ಒಪ್ಪಿಕೊಂಡಿದ್ದಾನೆ. ಕರ್ತನು ಅರಿಯೆನೆಂದದ್ದನ್ನು ಅರಿತೆನೆಂದು ಹೇಳುವವನ ಧೈರ್ಯವನ್ನು ಏನೆನ್ನಬೇಕು!

ಮೋಸಗೊಳಿಸುವವರು ಯಾರು? ಅವರು ನಾಸ್ತಿಕರೂ ಅಲ್ಲ, ಅನ್ಯಮತೀಯರೂ ಅಲ್ಲ. ಕ್ರಿಸ್ತನ ಹೆಸರನ್ನೇ ಹೇಳಿಕೊಂಡು ಬರುವವರು. ಕ್ರಿಸ್ತವಿರೋಧಿ ಎಂದೊಡನೆ ಅನೇಕರಿಗೆ ಪ್ರಕಟನೆಯ ಪುಸ್ತಕದ ಏಳು ತಲೆಯ ಮೃಗವು ನೆನಪಾಗುತ್ತದೆ. ಆದರೆ ಆ ಶಬ್ದವು ಪ್ರಕಟನೆಯಲ್ಲಿ ಒಂದು ಸಾರಿಯೂ ಬಾರದು. ಅದು ಬರುವದು ಯೋಹಾನನ ಒಂದನೆಯ ಮತ್ತು ಎರಡನೆಯ ಪತ್ರಿಕೆಗಳಲ್ಲಿ ಮಾತ್ರ. ಅಲ್ಲಿಯೂ ಇಂಥವರು ಅನೇಕರು ಈಗಾಗಲೇ ಎದ್ದಿದ್ದಾರೆಂದೂ ಅವರು ಸಭೆಯೊಳಗಿಂದಲೇ ಹೊರಟುಹೋದವರೆಂದೂ ಹೇಳಿದೆ. ಹೀಗಿರಲಾಗಿ, ದೂರದ ದೇಶದ ಯಾವ ಅರಸನು ಆ ಮೃಗವೆಂದು ಲೆಕ್ಕಹಾಕುತ್ತ ಕೂತವನಿಗೆ ತನ್ನ ಮನೆಯ ಬಾಗಿಲಿಗೇ ಬಂದ ಮೋಸವು ಕಾಣದೆ ಹೋದರೆ ಆಶ್ಚರ್ಯವೇನು?

ಇಪ್ಪತ್ತು ವರುಷ ಕಳೆಯುವಷ್ಟರಲ್ಲಿ ಇದಕ್ಕೆ ಮೊದಲನೆಯ ನಿದರ್ಶನವು ಥೆಸಲೋನಿಕ ಪಟ್ಟಣದಲ್ಲಿ ಸಿಕ್ಕಿತು. ಸುಮಾರು ಕ್ರಿ. ಶ. 50ರಲ್ಲಿ ಅಪೋಸ್ತಲ ಪೌಲನು ಸ್ಥಾಪಿಸಿದ ಆ ಸಭೆಯಲ್ಲಿ, ಕರ್ತನ ದಿನವು ಬಂದೇಬಿಟ್ಟಿತೆಂಬ ಗಾಬರಿ ಹುಟ್ಟಿತು. ಪೌಲನು ತನ್ನ ಎರಡನೆಯ ಪತ್ರಿಕೆಯಲ್ಲಿ, ತಾನು ಬರೆದದ್ದೆಂದು ತೋರುವ ಕಾಗದವು ಬಂದರೂ ಕದಲಬೇಡಿರೆಂದು ಎಚ್ಚರಿಸಬೇಕಾಯಿತು. ಅಂದರೆ ಕೂಟಪತ್ರದ ಸಂಶಯವು ಅಷ್ಟು ಹಳೆಯದು; ಇಂದು ಫೋನಿನಿಂದ ಫೋನಿಗೆ ಹಾರುವ ಸಂದೇಶಗಳಿಗೆ ಅದು ಅಜ್ಜಿಯೆನ್ನಬೇಕು. ಅದೇ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ, ದುಡಿಮೆಯನ್ನು ಬಿಟ್ಟು ಇತರರ ಕೆಲಸಗಳಲ್ಲಿ ತಲೆಹಾಕುತ್ತ ತಿರುಗುವ ಕೆಲವರನ್ನು ಆತನು ಗದರಿಸಿ, ಶಾಂತವಾಗಿ ಕೆಲಸಮಾಡಿ ತಮ್ಮ ಅನ್ನವನ್ನೇ ಉಣ್ಣಬೇಕೆಂದು ಆಜ್ಞಾಪಿಸುತ್ತಾನೆ. ಈ ಎರಡು ಮಾತುಗಳನ್ನು ಒಂದೇ ಕಾಗದದಲ್ಲಿ ಓದುವಾಗ ನಮಗೆ ಆ ಶನಿವಾರದ ನೆನಪು ಬಾರದೆ ಇರಲಾರದು.

ಈ ಪತ್ರಿಕೆಯಲ್ಲಿಯೇ ಒಂದು ಕಠಿಣವಾದ ವಾಕ್ಯವಿದೆ. ಅದನ್ನು ಮುಚ್ಚಿಡುವದು ಸರಿಯಲ್ಲ. ಸುಳ್ಳನ್ನು ನಂಬುವಂತೆ ದೇವರೇ ಕೆಲವರ ಮೇಲೆ ಭ್ರಮೆಯನ್ನು ಬರಮಾಡುವನೆಂದು ಪೌಲನು ಬರೆದಿದ್ದಾನೆ. ದೇವರೇ ಮರುಳುಗೊಳಿಸಿದ ಮೇಲೆ ಮನುಷ್ಯನ ತಪ್ಪೇನು ಎಂದು ನಮ್ಮ ವೇದಪಾಠದ ತರಗತಿಯಲ್ಲಿ ಒಬ್ಬಳಾದರೂ ಕೇಳದ ವರುಷವಿಲ್ಲ. ಇದಕ್ಕೆ ಉತ್ತರವು ವಾಕ್ಯಗಳ ಕ್ರಮದಲ್ಲಿದೆ. ಅದರ ಹಿಂದಿನ ವಾಕ್ಯದಲ್ಲಿ, ಆ ಜನರು ಸತ್ಯದ ಮೇಲಣ ಪ್ರೀತಿಯನ್ನು ಸ್ವೀಕರಿಸಲಿಲ್ಲವೆಂದು ಮೊದಲೇ ಹೇಳಿದೆ. ಸತ್ಯವು ತಿಳಿಯಲಿಲ್ಲವೆಂದಲ್ಲ, ಬಂದ ಸತ್ಯವನ್ನು ಪ್ರೀತಿಸಲೊಲ್ಲದೆ ಹೋದರೆಂದು. ಫರೋಹನ ಕಥೆಯಲ್ಲಿಯೂ ಹೀಗೆಯೇ. ದೇವರು ಅವನ ಹೃದಯವನ್ನು ಕಠಿಣಮಾಡುವೆನೆಂದು ಮೋಶೆಗೆ ಮುಂದಾಗಿ ತಿಳಿಸಿದ್ದು ನಿಜ. ಆದರೂ ಕಪ್ಪೆಗಳ ಬಾಧೆಯು ತೀರಿದಾಗಲೂ ನೊಣಗಳ ಬಾಧೆಯು ತೀರಿದಾಗಲೂ ಫರೋಹನು ತನ್ನ ಹೃದಯವನ್ನು ತಾನೇ ಮೊಂಡುಮಾಡಿಕೊಂಡನೆಂದು ಬರೆದಿದೆ; ಕರ್ತನು ಅದನ್ನು ಕಠಿಣಮಾಡಿದನೆಂಬ ಮಾತು ಬಾಧೆಗಳ ವೃತ್ತಾಂತದಲ್ಲಿ ಬರುವದು ಆರನೆಯದಾದ ಹುಣ್ಣುಗಳ ಬಾಧೆಯಲ್ಲಿ. ಮನುಷ್ಯನು ಬೇಡಬೇಡವೆಂದು ತಳ್ಳಿದ್ದನ್ನು ಕೊನೆಗೆ ದೇವರು ಅವನ ಕೈಯಿಂದ ತೆಗೆದುಬಿಡುತ್ತಾನೆ. ಅಗುಸ್ತೀನನೂ ಕಾಲ್ವಿನನೂ ಇದರಲ್ಲಿ ದೇವರ ಸಂಕಲ್ಪವನ್ನೇ ಎತ್ತಿ ಹಿಡಿದರು, ವೆಸ್ಲಿಯು ಮನುಷ್ಯನ ಒಪ್ಪಿಗೆಯನ್ನು ಎತ್ತಿ ಹಿಡಿದನು. ಆ ವಾದವು ಈ ಪುಟಗಳಲ್ಲಿ ತೀರುವಂಥದಲ್ಲ. ಆದರೆ ಮನುಷ್ಯನಿಗೆ ಉತ್ತರವಾದಿತ್ವವಿಲ್ಲವೆಂದು ಇವರಲ್ಲಿ ಒಬ್ಬನೂ ಹೇಳಿದವನಲ್ಲ.

ಇನ್ನು ತಾರೀಖು ಗೊತ್ತುಮಾಡುವವರ ಚರಿತ್ರೆಗೆ ಬರೋಣ. ಇವರೆಲ್ಲರೂ ಠಕ್ಕರೆಂದು ತಿಳಿಯಬಾರದು. ಕೆಲವರು ಪರಮ ಸಜ್ಜನರು. ಆದ್ದರಿಂದಲೇ ವಿಷಯವು ಕಷ್ಟದ್ದು. ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಯೋಹಾನ್ ಆಲ್‌ಬ್ರೆಕ್ಟ್ ಬೆಂಗೆಲ್ (1687–1752) ಎಂಬ ಪಂಡಿತನಿದ್ದನು. ಡೆಂಕೆನ್‌ಡಾರ್ಫಿನ ಮಠದ ಶಾಲೆಯಲ್ಲಿ ಇಪ್ಪತ್ತೆಂಟು ವರುಷ ಹುಡುಗರಿಗೆ ಪಾಠ ಹೇಳಿದ ಉಪಾಧ್ಯಾಯನೀತನು. ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ 1734ರಲ್ಲಿ ಆತನು ಪ್ರಕಟಿಸಿದ ಪಾಠವು ಆ ವಿದ್ಯೆಗೆ ದಾರಿಮಾಡಿತು. 1742ರಲ್ಲಿ ಹೊರಬಂದ ಆತನ ‘ಗ್ನೋಮೋನ್’ ಎಂಬ ವ್ಯಾಖ್ಯಾನದಿಂದ ವೆಸ್ಲಿಯು ತನ್ನ ಟಿಪ್ಪಣಿಗಳಿಗಾಗಿ ಧಾರಾಳವಾಗಿ ತೆಗೆದುಕೊಂಡನು. ಒಂದು ಅಕ್ಷರದ ಪಾಠಭೇದಕ್ಕೂ ಇಷ್ಟು ಎಚ್ಚರದಿಂದಿದ್ದ ಈ ಮನುಷ್ಯನು ಪ್ರಕಟನೆಯ ಸಂಖ್ಯೆಗಳನ್ನು ವರುಷಗಳಿಗೆ ಹೊಂದಿಸಿ, 1836ನೆಯ ಇಸವಿಯಲ್ಲಿ ಮೃಗದ ಆಳಿಕೆಯು ಮುಗಿದು ಸಹಸ್ರವರುಷದ ರಾಜ್ಯವು ಆರಂಭವಾಗುವದೆಂದು ನಿರ್ಣಯಿಸಿದನು! ಆದರೂ ಆತನ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಆ ವರುಷವು ವಿಶೇಷವೇನೂ ಇಲ್ಲದೆ ಕಳೆದುಹೋದರೆ ತನ್ನ ಕ್ರಮದಲ್ಲಿ ದೊಡ್ಡ ತಪ್ಪಿದೆಯೆಂದು ತಿಳಿದು ಅದನ್ನು ಹುಡುಕಬೇಕೆಂದು ಆತನೇ ಬರೆದಿಟ್ಟನು.

ಗುರುವಿನ ಎಚ್ಚರಿಕೆಯು ಅನುಯಾಯಿಗಳಿಗೆ ನೆನಪಿರುವದಿಲ್ಲ, ತಾರೀಖು ನೆನಪಿರುತ್ತದೆ. 1815ರಲ್ಲಿ ಪೂರ್ವದ್ವೀಪಗಳ ತಂಬೋರಾ ಎಂಬ ಅಗ್ನಿಪರ್ವತವು ಸಿಡಿದು, ಮರುವರುಷ ಯೂರೋಪಿನಲ್ಲಿ ಬೇಸಿಗೆಯೇ ಬಾರದೆ ಪೈರು ಕೆಟ್ಟಿತು. ವುರ್ಟೆಂಬರ್ಗಿನಲ್ಲಿ ಕ್ಷಾಮ ಬಿದ್ದಾಗ, ಕಡೇ ಕಾಲವು ಬಂದಿತೆಂದೂ ಪೂರ್ವದಿಕ್ಕಿನಲ್ಲಿ ಭಕ್ತರಿಗೆ ಆಶ್ರಯಸ್ಥಾನವಿದೆಯೆಂದೂ ನಂಬಿದ ಅನೇಕ ಕುಟುಂಬಗಳು 1817ರಲ್ಲಿ ಮನೆಮಾರುಗಳನ್ನು ಮಾರಿ, ಡಾನ್ಯೂಬ್ ನದಿಯ ಮೇಲೆ ದೋಣಿಗಳಲ್ಲಿ ಹೊರಟು ಕಾಕಸಸ್ ಸೀಮೆಯ ಕಡೆಗೆ ನಡೆದವು. ದಾರಿಯಲ್ಲಿಯೇ ಬಹು ಜನರು ಜ್ವರಕ್ಕೆ ಬಲಿಯಾದರು, ಚಿಕ್ಕ ಮಕ್ಕಳೂ ಸತ್ತರು. ಉಳಿದವರು ಜಾರ್ಜಿಯದಲ್ಲಿ ಹಳ್ಳಿಗಳನ್ನು ಕಟ್ಟಿ, ದ್ರಾಕ್ಷಿ ನೆಟ್ಟು, ಸಾಧಾರಣ ರೈತರಾಗಿ ಬಾಳಿದರು. 1836 ಬಂತು, ಹೋಯಿತು.

ಆ 1836ಕ್ಕೂ ನಮ್ಮ ಕನ್ನಡನಾಡಿಗೂ ಒಂದು ಸಂಬಂಧವುಂಟು. ಅದೇ ವುರ್ಟೆಂಬರ್ಗಿನ ಹೆರ್ಮನ್ ಮ್ಯೋಗ್ಲಿಂಗ್ ಎಂಬ ಇಪ್ಪತ್ತೈದು ವರುಷದ ತರುಣನು, ಅದೇ ಇಸವಿಯಲ್ಲಿ, ಬಾಸೆಲ್ ಮಿಶನಿನವರ ಕಡೆಯಿಂದ ಮಂಗಳೂರಿಗೆ ಬಂದಿಳಿದನು. ಬೆಂಗೆಲನ ಗ್ರಂಥಗಳನ್ನು ಮನೆಮನೆಯಲ್ಲಿಯೂ ಆದರಿಸುತ್ತಿದ್ದ ಭಕ್ತಮಂಡಲಿಗಳ ನಾಡಿನಿಂದ ಬಂದವನಾದರೂ, ಆತನು ಇಲ್ಲಿ ಮಾಡಿದ್ದು ಲೋಕವು ಮುಗಿಯಲಿದೆಯೆಂದು ನಂಬಿದವನು ಮಾಡುವ ಕೆಲಸವಲ್ಲ. ಒಂದು ಹೊಸ ಭಾಷೆಯನ್ನು ಅಕ್ಷರಮಾಲೆಯಿಂದ ಕಲಿತನು, ಹುಡುಗರಿಗೆ ಶಾಲೆ ನಡಿಸಿದನು, 1843ರಲ್ಲಿ ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು, ಹಳೆಯ ಕನ್ನಡ ಕಾವ್ಯಗಳನ್ನೂ ದಾಸರ ಪದಗಳನ್ನೂ ಕೂಡಿಸಿ ಅಚ್ಚು ಹಾಕಿಸಿದನು. ಇವೆಲ್ಲ ಮುಂದಿನ ತಲೆಮಾರಿಗೆಂದು ಮಾಡತಕ್ಕ ಕೆಲಸಗಳು. ಕರ್ತನ ಬರೋಣವನ್ನು ಆತನು ನಂಬದೆ ಇರಲಿಲ್ಲ. ನಂಬಿಯೂ ಮೊಳೆಗಳನ್ನು ಜೋಡಿಸಿ ಪುಟ ಕಟ್ಟಿಸಿದನು. ನಮ್ಮ ಕಣ್ಣಿಗೆ ಇದು ಬೆಂಗೆಲನ ಲೆಕ್ಕಕ್ಕಿಂತ ಉತ್ತಮವಾದ ವ್ಯಾಖ್ಯಾನವಾಗಿ ಕಾಣುತ್ತದೆ.

ಉಳಿದವರ ಕಥೆಯನ್ನು ಬೇಗ ಹೇಳಿಬಿಡಬಹುದು. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತನು ದಾನಿಯೇಲನ 8ನೆಯ ಅಧ್ಯಾಯದ 2300 ದಿನಗಳನ್ನು ವರುಷಗಳೆಂದು ಎಣಿಸಿ, ಕ್ರಿ. ಪೂ. 457ರಿಂದ ಲೆಕ್ಕ ಹಿಡಿದು 1843ಕ್ಕೆ ಬಂದನು. ಕ್ರಿಸ್ತಪೂರ್ವಕ್ಕೂ ಕ್ರಿಸ್ತಶಕಕ್ಕೂ ನಡುವೆ ಸೊನ್ನೆಯ ವರುಷವಿಲ್ಲವೆಂದು ಆಮೇಲೆ ತಿಳಿದು 1844 ಎಂದಾಯಿತು. ಕೊನೆಗೆ ಆತನ ಅನುಯಾಯಿಗಳು ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿದರು. ಸಾವಿರಾರು ಜನರು ಕಾದರು. ಕೆಲವರು ಹೊಲದ ಬೆಳೆಯನ್ನು ಕೀಳದೆ ಬಿಟ್ಟಿದ್ದರು. ಬೆಳಗಾದಾಗ ಅವರು ಅತ್ತ ಅಳುವನ್ನು ಓದಿದರೆ ನಗು ಬರುವದಿಲ್ಲ. 2011ರಲ್ಲಿ ಅದೇ ದೇಶದ ಹೆರಾಲ್ಡ್ ಕ್ಯಾಂಪಿಂಗ್ ಎಂಬ ವೃದ್ಧನು ರೇಡಿಯೋದಲ್ಲಿ ಮೇ 21 ಎಂದು ಸಾರಿ, ಅದು ತಪ್ಪಲು ಅಕ್ಟೋಬರ್ 21 ಎಂದು, ಅದೂ ತಪ್ಪಲು 2012ರಲ್ಲಿ ದಿನವನ್ನು ಗೊತ್ತುಮಾಡಿದ್ದೇ ಪಾಪವೆಂದು ಬಹಿರಂಗವಾಗಿ ಒಪ್ಪಿಕೊಂಡನು. ಅಷ್ಟರಲ್ಲಿ ಕೂಡಿಟ್ಟ ಹಣವನ್ನೆಲ್ಲ ಆ ಪ್ರಚಾರಕ್ಕೆ ಸುರಿದವರಿದ್ದರು. ಉಗಾಂಡ ದೇಶದ ಕನುಂಗುವಿನಲ್ಲಿ ಒಂದು ಪಂಗಡದವರು 1999ರ ಕೊನೆಯ ದಿನಕ್ಕೆ ಲೋಕಾಂತ್ಯವನ್ನು ಗೊತ್ತುಮಾಡಿದ್ದರು. ಅದು ತಪ್ಪಿದ ಮೇಲೆ, 2000ನೆಯ ಇಸವಿಯ ಮಾರ್ಚ್ 17ರಂದು, ಬಾಗಿಲು ಕಿಟಕಿಗಳನ್ನು ಬಿಗಿದಿದ್ದ ಪ್ರಾರ್ಥನಾಮಂದಿರದಲ್ಲಿ ಬೆಂಕಿಯೆದ್ದು ನೂರಾರು ಜನರು ಬೆಂದರು. ಅವರಲ್ಲಿ ಮಕ್ಕಳೂ ಇದ್ದರು. ಇದರ ವಿಷಯದಲ್ಲಿ ಹೆಚ್ಚು ಬರೆಯಲು ನಮಗೆ ಮನಸ್ಸಾಗದು.

ತಾರೀಖಿನ ಮೇಲೆ ಮನುಷ್ಯರಿಗೆ ಇಷ್ಟು ಆಶೆಯೇಕೆ? ಭಯವೇ ಕಾರಣವೆಂದು ಸಾಮಾನ್ಯವಾಗಿ ಹೇಳುವರು. ನಮಗೆ ಹಾಗೆ ತೋರುವದಿಲ್ಲ. ತಾರೀಖಿನಲ್ಲಿ ಒಂದು ಬಗೆಯ ವಿಶ್ರಾಂತಿಯಿದೆ. ದಿನವು ಗೊತ್ತಾದರೆ ಆ ದಿನದ ತನಕ ಏನನ್ನೂ ಆರಿಸಬೇಕಾಗಿಲ್ಲ. ಸಾಲವನ್ನು ತೀರಿಸಬೇಕೋ, ನೆರೆಯವಳೊಡನೆ ಕೆಟ್ಟ ಮಾತನ್ನು ಸರಿಮಾಡಿಕೊಳ್ಳಬೇಕೋ, ಮಗಳನ್ನು ಓದಿಸಬೇಕೋ ಎಂಬ ಪ್ರಶ್ನೆಗಳೆಲ್ಲ ಒಂದೇ ಏಟಿಗೆ ಬಿದ್ದುಹೋಗುತ್ತವೆ. ಕರ್ತನು ಮನುಷ್ಯರ ಕೈಯಲ್ಲಿಟ್ಟ ಆಯ್ಕೆಯನ್ನು ಬೋಧಕನೊಬ್ಬನು ಮೆಲ್ಲನೆ ತೆಗೆದುಕೊಳ್ಳುತ್ತಾನೆ, ಕೊಟ್ಟವರಿಗೂ ಹಗುರವೆನಿಸುತ್ತದೆ. ಮೋಸವೆಂದು ಸುವಾರ್ತೆಯು ಎಚ್ಚರಿಸಿದ್ದು ಇದನ್ನೇ ಎಂದು ನಾವು ತಿಳಿಯುತ್ತೇವೆ.

ಕರ್ತನು ತಾರೀಖನ್ನು ಕೊಡಲಿಲ್ಲ, ಅದರ ಬದಲಾಗಿ ಕಥೆಗಳನ್ನು ಕೊಟ್ಟನು. ಹತ್ತು ಮಂದಿ ಕನ್ಯೆಯರ ಕಥೆಯನ್ನು ನಮ್ಮ ಶಾಲೆಯಲ್ಲಿ ಓದಿದವರಿಗೆ ಹೊಸದಾಗಿ ಹೇಳಬೇಕೆ? ವಾರ್ಷಿಕೋತ್ಸವದ ನಾಟಕದಲ್ಲಿ ಬುದ್ಧಿಯಿಲ್ಲದ ಐವರ ಪಾತ್ರವೇ ತಮಗೆ ಬೇಕೆಂದು ಹುಡುಗಿಯರು ಜಗಳವಾಡುತ್ತಿದ್ದರು, ಏಕೆಂದರೆ ಅಳುವ ಅವಕಾಶವು ಅವರಿಗೇ. ಆದರೆ ಕಥೆಯನ್ನು ನಿಧಾನವಾಗಿ ನೋಡಿರಿ. ಹತ್ತು ಮಂದಿಯೂ ಮದಲಿಂಗನನ್ನು ಎದುರುಗೊಳ್ಳಹೊರಟವರೇ. ಹತ್ತು ಮಂದಿಯ ಕೈಯಲ್ಲಿಯೂ ದೀಪವಿತ್ತು. ಅವನು ಬರುವನೆಂದು ಹತ್ತು ಮಂದಿಯೂ ನಂಬಿದ್ದರು. ತಡವಾದಾಗ ಹತ್ತು ಮಂದಿಯೂ ತೂಕಡಿಸಿ ಮಲಗಿದರು, ಬುದ್ಧಿವಂತೆಯರು ಕೂಡ! ಮಧ್ಯರಾತ್ರಿಯಲ್ಲಿ ಕೂಗೆದ್ದಾಗ ಕಂಡ ವ್ಯತ್ಯಾಸವು ಒಂದೇ, ಪಾತ್ರೆಯಲ್ಲಿದ್ದ ಎಣ್ಣೆ. ಅದನ್ನು ತುಂಬಿಸಿಕೊಂಡದ್ದು ಹಗಲಿನಲ್ಲಿ, ಯಾರೂ ಗಮನಿಸದಿದ್ದಾಗ. ಬುದ್ಧಿವಂತೆಯರು ಎಣ್ಣೆಯನ್ನು ಹಂಚಿಕೊಳ್ಳದೆ ಹೋದದ್ದು ಜಿಪುಣತನವಲ್ಲವೇ ಎಂದು ಒಬ್ಬ ಹುಡುಗಿಯು ಒಮ್ಮೆ ಸಿಟ್ಟಿನಿಂದ ಕೇಳಿದಳು. ಒಳ್ಳೆಯ ಪ್ರಶ್ನೆಯೇ. ಮತ್ತೊಬ್ಬರಿಗಾಗಿ ಊಟ ಮಾಡಲಾದೀತೇ, ಮತ್ತೊಬ್ಬರ ಬದಲಿಗೆ ಕಲಿಯಲಾದೀತೇ ಎಂದು ಅವಳನ್ನೇ ಕೇಳಿದೆವು. ಅವಳು ಪೂರ್ಣವಾಗಿ ಒಪ್ಪಲಿಲ್ಲ, ನಾವೂ ಬಲವಂತಮಾಡಲಿಲ್ಲ.

ನ್ಯಾಯತೀರ್ಪಿಗೆ ಗ್ರೀಕ್ ಮೂಲದಲ್ಲಿರುವ ಶಬ್ದವು ಕ್ರಿಸಿಸ್; ಬೇರ್ಪಡಿಸುವದು ಎಂಬದು ಅದರ ಮೊದಲನೆಯ ಅರ್ಥ. ಸ್ನಾನಿಕನಾದ ಯೋಹಾನನು ಬರುವಾತನ ಕೈಯಲ್ಲಿ ಮೊರವನ್ನು ಕಂಡನು. ಕಣದಲ್ಲಿ ತೂರುವದನ್ನು ಕಂಡವರೆಲ್ಲರೂ ಬಲ್ಲರು, ಗಾಳಿಯು ಕಾಳನ್ನು ಜೊಳ್ಳುಮಾಡುವದಿಲ್ಲ. ಜೊಳ್ಳಾಗಿದ್ದದ್ದನ್ನು ಆಚೆಗೆ ಒಯ್ಯುತ್ತದೆ, ಅಷ್ಟೇ. ಯೋಹಾನನ ಸುವಾರ್ತೆಯ 3ನೆಯ ಅಧ್ಯಾಯದಲ್ಲಿಯೂ ತೀರ್ಪೆಂದರೆ ಬೆಳಕು ಬಂದಿರುವದೂ ಮನುಷ್ಯರು ಅದರ ಮುಂದೆ ಏನನ್ನು ಪ್ರೀತಿಸಿದರೆಂಬದೂ ಆಗಿದೆ. ಆದ್ದರಿಂದ ಆ ದಿನವು ಹೊಸದೊಂದು ಆಯ್ಕೆಯನ್ನು ಮಾಡುವ ದಿನವಲ್ಲ, ಆದ ಆಯ್ಕೆಗಳು ಕಾಣಬರುವ ದಿನ.

ಮತ್ತಾಯನ 25ನೆಯ ಅಧ್ಯಾಯದ ಕೊನೆಯಲ್ಲಿ ಇದು ಸ್ಪಷ್ಟವಾಗಿ ತೋರುತ್ತದೆ. ಅರಸನು ಸಕಲ ಜನಾಂಗಗಳನ್ನು ಕುರುಬನು ಕುರಿಗಳನ್ನೂ ಆಡುಗಳನ್ನೂ ಬೇರೆಮಾಡುವಂತೆ ಬೇರೆಮಾಡುತ್ತಾನೆ. ಆತನ ವಿಚಾರಣೆಯಲ್ಲಿ ಬರುವ ಸಂಗತಿಗಳು ಆರು: ಹಸಿದವನು, ಬಾಯಾರಿದವನು, ಪರದೇಶಿ, ಬಟ್ಟೆಯಿಲ್ಲದವನು, ರೋಗಿ, ಸೆರೆಯಲ್ಲಿರುವವನು. ಮೃಗವು ಯಾರೆಂದು ಅಲ್ಲಿ ಯಾರನ್ನೂ ಕೇಳಲಿಲ್ಲ. ಲೆಕ್ಕವು ಸರಿಬಂದಿತೇ ಎಂದೂ ಕೇಳಲಿಲ್ಲ. ಅದಕ್ಕಿಂತ ಆಶ್ಚರ್ಯವಾದದ್ದು, ಎರಡು ಪಕ್ಷದವರೂ ಬೆರಗಾಗುತ್ತಾರೆ. ಬಲಗಡೆಯವರಿಗೆ ತಾವು ಯಾರಿಗೆ ನೀರು ಕೊಟ್ಟೆವೆಂಬದು ಗೊತ್ತಿರಲಿಲ್ಲ. ಎಡಗಡೆಯವರಿಗೆ ತಾವು ಯಾರನ್ನು ದಾಟಿಹೋದೆವೆಂಬದು ಗೊತ್ತಿರಲಿಲ್ಲ. ಅವನು ಅರಸನೆಂದು ಮೊದಲೇ ತಿಳಿದಿದ್ದರೆ ಎಡಗಡೆಯವರೂ ಓಡಿಹೋಗಿ ಕೊಡುತ್ತಿದ್ದರು. ದಿನವನ್ನೂ ಗಳಿಗೆಯನ್ನೂ ಮುಚ್ಚಿಟ್ಟ ಕಾರಣವು ಇದರಲ್ಲಿಯೇ ಇರಬಹುದೆಂದು ನಮಗೆ ತೋರುತ್ತದೆ.

ಆ ತಾಯಿಯವರಿಗೆ ಅಂದು ಇದನ್ನೆಲ್ಲ ಹೇಳಿದ್ದರೆ ಕೇಳುತ್ತಿದ್ದರೋ ಇಲ್ಲವೋ. ಸೋಮವಾರ ಅವರು ಮತ್ತೆ ಬಂದು ಕಾಗದಕ್ಕೆ ರುಜು ಹಾಕಿ ಮಗಳನ್ನು ಕರೆದುಕೊಂಡು ಹೋದರು. ಪರೀಕ್ಷೆಯ ದಿನಗಳಲ್ಲಿ ಆ ಹುಡುಗಿಯ ಮಣೆಯ ಕಡೆಗೆ ನೋಡುವದು ನಮಗೆ ಕಷ್ಟವಾಗುತ್ತಿತ್ತು. ಈಸ್ಟರ್ ಹಬ್ಬವು ಬಂತು, ದೇವಾಲಯದಲ್ಲಿ ಎಂದಿನಂತೆ ಹಾಡಿದೆವು. ಜೂನ್ ತಿಂಗಳ ಮಳೆಯಲ್ಲಿ ಒಂದು ಸಾಯಂಕಾಲ ತಾಯಿಮಗಳಿಬ್ಬರೂ ಒಂದೇ ಕೊಡೆಯ ಕೆಳಗೆ ಶಾಲೆಯ ಮೆಟ್ಟಲು ಹತ್ತಿ ಬಂದರು. ಬೋಧಕನ ವಿಷಯವನ್ನು ಅವರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಖಾಸಗಿಯಾಗಿ ಪರೀಕ್ಷೆಗೆ ಕೂಡುವದು ಹೇಗೆಂದು ವಿಚಾರಿಸಿದರು. ಕಪಾಟಿನಿಂದ ಹಳೆಯ ಪುಸ್ತಕಗಳನ್ನು ತೆಗೆದು ಕೊಡುತ್ತಿರುವಾಗ ಹುಡುಗಿಯು ಮೊದಲನೆಯ ಸಾರಿ ತಲೆಯೆತ್ತಿ, ಲೆಕ್ಕವೆಲ್ಲ ಮರೆತುಹೋಗಿದೆ, ಮೊದಲಿನಿಂದ ಹೇಳಿಕೊಡುವಿರಾ ಎಂದು ಕೇಳಿದಳು.